ಸ್ಯಾಮುಯೆಲ್ ಬಾರ್ಬರ್ ಅವರ ವೃಂದಗಾನ ಧ್ವನಿಮುದ್ರಣಗಳನ್ನು ಪಟ್ಟಿ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಸಂಗೀತ ರಚನೆಕಾರ ಸ್ಯಾಮುಯೆಲ್ ಬಾರ್ಬರ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಕೃತಿ, ‘ಅಡಾಜಿಯೊ ಫಾರ್ ಸ್ಟ್ರಿಂಗ್ಸ್’. ಆದರೆ ಅವರು ಗಾಯಕವೃಂದಕ್ಕೂ ತುಂಬಾ ಸೊಗಸಾಗಿ ಬರೆದಿದ್ದಾರೆ. 1910ರಲ್ಲಿ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ ಹುಟ್ಟಿ, ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತು, ಅಲ್ಲೇ ಕೆಲವು ಕಾಲ ಒಂದು ಮ್ಯಾಡ್ರಿಗಲ್ (ಹಲವು ದನಿಗಳಿಗೆ ಬರೆದ ಹಳೆಯ ಹಾಡಿನ ಬಗೆ) ತಂಡವನ್ನೂ ನಡೆಸಿದವರು. 1981ರಲ್ಲಿ ತೀರಿಕೊಂಡರು. ವೃಂದಗಾನಕ್ಕೆ ಅವರು ಬರೆದದ್ದು ರಾಶಿಗಟ್ಟಲೆ ಏನಲ್ಲ, ಒಬ್ಬರೇ ಕೂತು ಪೂರ್ತಿ ಪಟ್ಟಿ ಮಾಡುವಷ್ಟು. ಅದಕ್ಕೇ ಡಿಸ್ಕೋಗ್ರಫಿ, ಅಂದರೆ ಧ್ವನಿಮುದ್ರಣಗಳ ಪಟ್ಟಿ, ಮಾಡುವುದನ್ನು ಕಲಿಯಬೇಕು ಅನ್ನುವವರಿಗೆ ನಾನು ಬಾರ್ಬರ್ ಅವರಿಂದಲೇ ಶುರು ಮಾಡಿ ಅನ್ನುತ್ತೇನೆ. ಕೃತಿಗಳು ಕಡಿಮೆ, ಆದರೆ ಈ ಕೆಲಸದಲ್ಲಿ ಬರುವ ತೊಡಕುಗಳೆಲ್ಲ ಅಷ್ಟರಲ್ಲೇ ಸಿಗುತ್ತವೆ.

ಮೊದಲೇ ಒಂದು ಮಾತು. ಪಟ್ಟಿ ಹಾಳಾಗುವುದು ಬಹುತೇಕ ಒಂದೇ ಕಾರಣಕ್ಕೆ: ಜನ ಡಿಸ್ಕ್‌ಗಳನ್ನು ಎಣಿಸುತ್ತಾರೆ, ಹಾಡಿದ್ದನ್ನು ಎಣಿಸುವುದಿಲ್ಲ. ಒಂದು ತಂಡ ಒಂದು ಸಂಜೆ ಒಂದು ಚರ್ಚಿನಲ್ಲಿ ನಿಂತು ಹಾಡಿದ್ದು ಇಪ್ಪತ್ತು ವರ್ಷದಲ್ಲಿ ಹತ್ತು ಬೇರೆ ಬೇರೆ ಕವರ್ ಹಾಕಿಕೊಂಡು ಬಂದರೆ ಅದು ಹತ್ತು ಧ್ವನಿಮುದ್ರಣ ಅಲ್ಲ. ಒಂದೇ. ಮುಂದೆ ಹೇಳುವ ಪ್ರತಿ ಹಂತವೂ ಈ ಗೊಂದಲ ತಪ್ಪಿಸುವುದಕ್ಕೇ ಇರುವುದು.

ಹಂತ 1: ಗಡಿ ಹಾಕಿಕೊಳ್ಳಿ

ಹುಡುಕಾಟಕ್ಕೆ ಇಳಿಯುವ ಮುಂಚೆ ಏನು ಒಳಗೆ, ಏನು ಹೊರಗೆ ಎಂದು ಬರೆದಿಡಿ. ಬಾಯಲ್ಲಿ ಹೇಳಿಕೊಂಡರೆ ಸಾಲದು, ಬರೆಯಿರಿ.

ಬಾರ್ಬರ್ ವಿಷಯದಲ್ಲಿ ಪ್ರಶ್ನೆಗಳು ಹೀಗೆ ಬರುತ್ತವೆ. ಬಾರ್ಬರ್ ಒಳ್ಳೆಯ ಬ್ಯಾರಿಟೋನ್ (ಗಂಡಸಿನ ನಡುಮಟ್ಟದ ದನಿ) ಗಾಯಕ, 1935ರಲ್ಲಿ ಕರ್ಟಿಸ್ ಸ್ಟ್ರಿಂಗ್ ಕ್ವಾರ್ಟೆಟ್ ಜೊತೆ ತಮ್ಮದೇ ‘ಡೋವರ್ ಬೀಚ್’ ಹಾಡಿ ರೆಕಾರ್ಡ್ ಮಾಡಿದರು. ಕೇಳಲು ಬಹಳ ಚೆನ್ನಾಗಿದೆ. ಆದರೆ ಅದು ಒಬ್ಬರ ಹಾಡು, ವೃಂದಗಾನ ಅಲ್ಲ. ಹೊರಗೆ. ‘ವನೆಸ್ಸಾ’ ಒಪೆರಾ 1958ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಮೊದಲು ನಡೆಯಿತು, ಅದರಲ್ಲಿನ ‘ಅಂಡರ್ ದ ವಿಲೋ ಟ್ರೀ’ ಭಾಗ ಕಾಯರ್‌ಗಳಿಗಾಗಿ, ಅಂದರೆ ಗಾಯಕವೃಂದಗಳಿಗಾಗಿ, ಬೇರೆಯಾಗಿಯೂ ಅಚ್ಚಾಗಿದೆ. ಈಗ ಇಡೀ ಒಪೆರಾದ ರೆಕಾರ್ಡ್ ಸೇರಿಸಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಆ ಭಾಗವನ್ನು ಬಿಡಿಯಾಗಿ ಒಂದು ಕಾಯರ್ ಹಾಡಿದ್ದರೆ ಮಾತ್ರ ಸೇರಿಸಿ. ‘ಆಂಟನಿ ಅಂಡ್ ಕ್ಲಿಯೋಪಾತ್ರ’ ಒಪೆರಾದಿಂದ ತೆಗೆದ ಎರಡು ಕೋರಸ್‌ಗಳಿಗೂ ಇದೇ ನಿಯಮ.

ಟಿಯೆಸ್ಟೊ, ವಿಲಿಯಂ ಆರ್ಬಿಟ್ ಮುಂತಾದವರ ಡಾನ್ಸ್ ಮಿಕ್ಸ್‌ಗಳು ‘ಅಡಾಜಿಯೊ’ ಹೆಸರಲ್ಲಿ ಸಾಲುಸಾಲಾಗಿ ಸಿಗುತ್ತವೆ. ಯೋಚನೆ ಮಾಡುವುದೇ ಬೇಡ, ಹೊರಗೆ.

ಯೂಟ್ಯೂಬ್‌ನಲ್ಲಿ ಇರುವ ಕಛೇರಿ ವಿಡಿಯೋಗಳ ಬಗ್ಗೆ ಒಂದು ನಿರ್ಧಾರ ಬೇಕೇ ಬೇಕು. ಬಾರ್ಬರ್ ಅವರ ‘ಆಗ್ನಸ್ ಡೇ’ ಹಾಡದ ಕಾಯರ್ ಇಲ್ಲ ಅನ್ನುವಷ್ಟು ವಿಡಿಯೋಗಳಿವೆ. ಎಲ್ಲ ಸೇರಿಸಿದರೆ ಕೆಲಸ ಮುಗಿಯುವುದಿಲ್ಲ. ಲೇಬಲ್ (ಬಿಡುಗಡೆ ಮಾಡುವ ಕಂಪನಿಯ ಹೆಸರು) ಇಟ್ಟು, ಕ್ಯಾಟಲಾಗ್ ನಂಬರ್ ಕೊಟ್ಟು ಪ್ರಕಟಿಸಿದ್ದನ್ನು ಮಾತ್ರ ತೆಗೆದುಕೊಳ್ಳುವುದು ಒಳ್ಳೆಯ ಗಡಿ. ಡಿಜಿಟಲ್‌ನಲ್ಲಿ ಮಾತ್ರ ಬಂದ ಆಲ್ಬಂ ಇದ್ದರೂ ಅದಕ್ಕೊಂದು ಬಾರ್‌ಕೋಡ್ ನಂಬರ್ ಇರುತ್ತದೆ, ಅದು ಸಾಕು.

ಹಂತ 2: ಕೃತಿಗಳ ಪಟ್ಟಿ ಮೊದಲು, ಡಿಸ್ಕ್ ಆಮೇಲೆ

ಎಲ್ಲರಿಗೂ ಆತುರ, ನೇರ ಧ್ವನಿಮುದ್ರಣಗಳ ಮಾಹಿತಿ ತಾಣ ಡಿಸ್ಕಾಗ್ಸ್‌ಗೆ ಹೋಗಿ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಯಾವ ಕೃತಿ ಹುಡುಕುತ್ತಿದ್ದೀರಿ ಎಂದು ಗೊತ್ತಿಲ್ಲದೆ ಹುಡುಕಿದರೆ ಅರ್ಧ ಕೈತಪ್ಪುತ್ತದೆ.

ಬಾರ್ಬರ್ ಕೃತಿಗಳಿಗೆ ಸಾಮಾನ್ಯವಾಗಿ ಓಪಸ್ ನಂಬರ್, ಅಂದರೆ ಕೃತಿಸಂಖ್ಯೆ, ಇದೆ. ಆದರೆ ಎಲ್ಲದಕ್ಕೂ ಇಲ್ಲ. 1938ರ ‘ಗಾಡ್ಸ್ ಗ್ರ್ಯಾಂಜರ್’ ಎರಡು ಗಾಯಕವೃಂದಗಳಿಗೆ ಬರೆದದ್ದು, ಅದಕ್ಕೆ ಓಪಸ್ ನಂಬರ್ ಇಲ್ಲ. ಓಪಸ್ ನಂಬರನ್ನೇ ನಂಬಿ ಪಟ್ಟಿ ಮಾಡಿದವರು ಇದನ್ನು ಬಿಟ್ಟೇಬಿಡುತ್ತಾರೆ. ಬಾರ್ಬರಾ ಹೈಮನ್ ಎಂಬ ವಿದ್ವಾಂಸೆ ಬಾರ್ಬರ್ ಅವರ ಎಲ್ಲ ಕೃತಿಗಳ ದೊಡ್ಡ ಥೀಮ್ಯಾಟಿಕ್ ಕ್ಯಾಟಲಾಗ್ (ಕೃತಿಗಳ ಆರಂಭದ ಸ್ವರಗಳ ಸಮೇತ ಪಟ್ಟಿ) ಮಾಡಿದ್ದಾರೆ, 2012ರಲ್ಲಿ ಬಂತು. ಅದರಲ್ಲಿ ಪ್ರತಿ ಕೃತಿಗೂ ಒಂದು ಎಚ್ ನಂಬರ್ ಇದೆ. ನಿಮ್ಮ ಪಟ್ಟಿಯಲ್ಲಿ ಎರಡೂ ನಂಬರ್ ಹಾಕಿ.

ಕೃತಿಗಳು ಸುಮಾರಾಗಿ ಹೀಗೆ ನಿಲ್ಲುತ್ತವೆ. ಓಪಸ್ 8ರಲ್ಲಿ ಎರಡು ಚಿಕ್ಕ ಹಾಡುಗಳು: ಹೆಂಗಸರ ದನಿಗಳಿಗೆ ‘ದ ವರ್ಜಿನ್ ಮಾರ್ಟರ್ಸ್’, ಮತ್ತೆ ಎಮಿಲಿ ಡಿಕಿನ್ಸನ್ ಕವಿತೆಯ ‘ಲೆಟ್ ಡೌನ್ ದ ಬಾರ್ಸ್, ಓ ಡೆತ್’. ಓಪಸ್ 15 ‘ಎ ಸ್ಟಾಪ್‌ವಾಚ್ ಅಂಡ್ ಆನ್ ಆರ್ಡ್‌ನೆನ್ಸ್ ಮ್ಯಾಪ್’, ಸ್ಪೇನಿನ ಅಂತರ್ಯುದ್ಧದಲ್ಲಿ ಸತ್ತ ಸೈನಿಕನ ಬಗ್ಗೆ ಸ್ಟೀಫನ್ ಸ್ಪೆಂಡರ್ ಬರೆದ ಕವಿತೆ, ಗಂಡಸರ ದನಿ ಮತ್ತು ಟಿಂಪನಿ ಎಂಬ ದೊಡ್ಡ ನಗಾರಿ. ಆಮೇಲೆ ಇದಕ್ಕೆ ಹಿತ್ತಾಳೆ ವಾದ್ಯಗಳೂ ಸೇರಿದವು, ಹಾಗಾಗಿ ಪ್ರತಿ ಧ್ವನಿಮುದ್ರಣದಲ್ಲೂ ಯಾವ ರೂಪ ಹಾಡಿದ್ದಾರೆ ಎಂದು ನೋಡಬೇಕು. ಓಪಸ್ 16 ‘ರೀಇನ್‌ಕಾರ್ನೇಶನ್ಸ್’, ಐರಿಷ್ ಮೂಲದಿಂದ ಜೇಮ್ಸ್ ಸ್ಟೀಫನ್ಸ್ ಬರೆದ ಮೂರು ಕವಿತೆಗಳು. ಓಪಸ್ 30 ‘ಪ್ರೇಯರ್ಸ್ ಆಫ್ ಕೀರ್ಕೆಗಾರ್’, 1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಶಾರ್ಲ್ ಮ್ಯೂನ್ಶ್ ನಡೆಸಿಕೊಟ್ಟದ್ದು, ಸೊಪ್ರಾನೊ (ಹೆಣ್ಣಿನ ಎತ್ತರದ ದನಿ) ಹಾಡಿದ್ದು ಲಿಯೋಂಟೀನ್ ಪ್ರೈಸ್. ಓಪಸ್ 42ರಲ್ಲಿ ‘ಟ್ವೆಲ್ಫ್ತ್ ನೈಟ್’ ಮತ್ತು ‘ಟು ಬಿ ಸಂಗ್ ಆನ್ ದ ವಾಟರ್’. ಓಪಸ್ 43 ‘ದ ಲವರ್ಸ್’, ಪಾಬ್ಲೊ ನೆರೂಡ ಕವಿತೆಗಳು, 1971. ಇವುಗಳ ಜೊತೆ 1964ರ ‘ಈಸ್ಟರ್ ಕೋರಾಲ್’. ಇದು ವಾಷಿಂಗ್ಟನ್ ಕೆಥೀಡ್ರಲ್‌ನ ಗಂಟೆಗೋಪುರಕ್ಕಾಗಿ ಬರೆದದ್ದು. ಗೋಪುರದ ಸಮಾರಂಭ ನಡೆದದ್ದು ಅಸೆನ್ಶನ್ ದಿನ (ಯೇಸು ಸ್ವರ್ಗಕ್ಕೇರಿದ ದಿನದ ಹಬ್ಬ), ಹಾಗಾಗಿ ಇದಕ್ಕೆ ‘ಕೋರಾಲ್ ಫಾರ್ ಅಸೆನ್ಶನ್ ಡೇ’ ಎಂಬ ಹೆಸರೂ ಇದೆ. ಎರಡು ಹೆಸರು, ಒಂದೇ ಕೃತಿ.

ನಿಜವಾದ ತಲೆನೋವು ಮಾರ್ಪಾಡುಗಳದ್ದು. ಓಪಸ್ 11 ನೋಡಿ. 1936ರಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್ ಬರೆದರು. ಅದರ ನಿಧಾನಗತಿಯ ಭಾಗವನ್ನು ಸ್ಟ್ರಿಂಗ್ ಆರ್ಕೆಸ್ಟ್ರಾಗೆ ಹಿಗ್ಗಿಸಿದರು, ಅದನ್ನು 1938ರ ನವೆಂಬರ್ 5ರಂದು ಹೆಸರಾಂತ ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಟೊಸ್ಕನಿನಿ ರೇಡಿಯೋದಲ್ಲಿ ನುಡಿಸಿ ಜಗತ್ತಿಗೆ ಮುಟ್ಟಿಸಿದರು. 1967ರಲ್ಲಿ ಅದೇ ಸಂಗೀತಕ್ಕೆ ಬಾರ್ಬರ್ ಅವರೇ ಲ್ಯಾಟಿನ್ ಪ್ರಾರ್ಥನೆಯ ಸಾಹಿತ್ಯ ಕೂಡಿಸಿ ‘ಆಗ್ನಸ್ ಡೇ’ ಮಾಡಿದರು. ನಮ್ಮ ಪಟ್ಟಿಗೆ ಬೇಕಾದದ್ದು ಈ ಮೂರನೆಯದು ಮಾತ್ರ. ಆದರೆ ಡಿಸ್ಕ್‌ಗಳ ಮೇಲೆ ಇದು ‘ಆಗ್ನಸ್ ಡೇ’, ‘ಆಗ್ನಸ್ ಡೇ, ಓಪಸ್ 11’, ‘ಅಡಾಜಿಯೊ, ಕೋರಲ್ ವರ್ಷನ್’, ಇನ್ನು ಕೆಲವು ಕಡೆ ಬರೀ ‘ಬಾರ್ಬರ್ಸ್ ಅಡಾಜಿಯೊ’ ಎಂದೂ ಇರುತ್ತದೆ. ಈ ಎಲ್ಲ ಹೆಸರುಗಳನ್ನೂ ಆ ಕೃತಿಯ ಮುಂದೆ ಬರೆದಿಟ್ಟುಕೊಳ್ಳಿ. ಹುಡುಕುವಾಗ ಒಂದೊಂದನ್ನೂ ಹಾಕಿ ನೋಡಬೇಕು.

ಓಪಸ್ 13 ಕೂಡ ಹೀಗೆಯೇ. ಅದು ಮೂಲತಃ ಒಬ್ಬರು ಪಿಯಾನೋ ಜೊತೆ ಹಾಡುವ ನಾಲ್ಕು ಹಾಡು. ಅದರಲ್ಲಿ ‘ಎ ನನ್ ಟೇಕ್ಸ್ ದ ವೇಲ್’ ಕಾಯರ್‌ಗೆ ಬಂದಾಗ ‘ಹೆವನ್-ಹೇವನ್’ ಆಯಿತು. ‘ಶೂರ್ ಆನ್ ದಿಸ್ ಶೈನಿಂಗ್ ನೈಟ್’ ಹೆಸರು ಬದಲಾಗದೆ ಕಾಯರ್‌ಗೆ ಬಂತು. ಇಲ್ಲೊಂದು ಹೊಂಡ ಇದೆ, ತುಂಬಾ ಜನ ಬೀಳುತ್ತಾರೆ: ಜೇಮ್ಸ್ ಏಜಿಯ ಇದೇ ಕವಿತೆಗೆ ಮಾರ್ಟನ್ ಲಾರಿಡ್ಸನ್ ಕೂಡ 2005ರಲ್ಲಿ ತಮ್ಮದೇ ಸಂಗೀತ ಹಾಕಿದ್ದಾರೆ. ಅದು ಇಂದು ಕಾಯರ್‌ಗಳ ಅಚ್ಚುಮೆಚ್ಚು. ಟ್ರ್ಯಾಕ್ ಹೆಸರು ನೋಡಿ ಸೇರಿಸಿದಿರೋ, ನಿಮ್ಮ ಬಾರ್ಬರ್ ಪಟ್ಟಿಯಲ್ಲಿ ಲಾರಿಡ್ಸನ್ ಬಂದು ಕೂರುತ್ತಾರೆ.

ಹಂತ 3: ಮೂರು ಹಾಳೆ, ಒಂದು ಅಲ್ಲ

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್, ನಿಮಗೆ ಯಾವುದು ರೂಢಿಯೋ ಅದು. ಒಂದೇ ಫೈಲಿನಲ್ಲಿ ಮೂರು ಹಾಳೆ ಮಾಡಿ: ಕೃತಿ, ಧ್ವನಿಮುದ್ರಣ, ಬಿಡುಗಡೆ.

ಕೃತಿ ಹಾಳೆ ಮೇಲೆ ಹೇಳಿದ್ದು. ಪ್ರತಿ ಕೃತಿಗೆ ಒಂದು ಸಂಕೇತ ಕೊಡಿ, ಕೃ-01, ಕೃ-02 ಹೀಗೆ. ‘ರೀಇನ್‌ಕಾರ್ನೇಶನ್ಸ್’ನಂಥ ಗುಚ್ಛಕ್ಕೆ ಒಂದು ಸಂಕೇತ, ಅದರೊಳಗಿನ ಮೂರು ಹಾಡಿಗೆ ಒಂದೊಂದು ಉಪಸಂಕೇತ. ಯಾಕೆಂದರೆ ‘ದ ಕೂಲಿನ್’ ಒಂದನ್ನೇ ಹಾಡಿ ಬಿಡುವ ತಂಡಗಳು ಬೇಕಾದಷ್ಟಿವೆ. ಮೂರೂ ಹಾಡಿದವರು, ಒಂದೇ ಹಾಡಿದವರು ಯಾರು ಯಾರು ಎಂಬುದು ಪಟ್ಟಿ ನೋಡಿದ ಕೂಡಲೇ ತಿಳಿಯಬೇಕು.

ಧ್ವನಿಮುದ್ರಣ ಹಾಳೆಯೇ ನಿಮ್ಮ ಪಟ್ಟಿಯ ಬೆನ್ನೆಲುಬು. ಒಂದು ಸಾಲು ಅಂದರೆ ಒಂದು ಕೃತಿಯನ್ನು ಒಂದು ತಂಡ ಒಂದು ಸಲ ಹಾಡಿದ್ದು. ಇದರಲ್ಲಿ ಕಾಲಂಗಳು: ಧ್ವನಿಮುದ್ರಣದ ಸಂಕೇತ, ಕೃತಿಯ ಸಂಕೇತ, ಗಾಯಕವೃಂದ, ಕಂಡಕ್ಟರ್, ಕೋರಸ್ ತಯಾರು ಮಾಡಿದವರು, ಒಂಟಿ ಗಾಯಕರು, ಆರ್ಕೆಸ್ಟ್ರಾ ಅಥವಾ ಆರ್ಗನ್, ಜಾಗ, ದಿನಾಂಕ, ಸ್ಟುಡಿಯೋನಾ ಕಛೇರಿಯಾ, ಅವಧಿ, ಯಾವ ರೂಪ, ಕೊನೆಗೆ ಆಧಾರ. ದನಿಗಳ ಬಗೆಗೂ ಒಂದು ಕಾಲಂ ಇಡಿ. ಆಕ್ಸ್‌ಫರ್ಡಿನ ನ್ಯೂ ಕಾಲೇಜ್ ಕಾಯರ್‌ನಲ್ಲಿ ಮೇಲಿನ ಸ್ವರ ಹಾಡುವುದು ಹುಡುಗರು. ಹೆಂಗಸರು ಗಂಡಸರು ಸೇರಿ ಹಾಡುವ ತಂಡದ ‘ಆಗ್ನಸ್ ಡೇ’ಗೂ ಇದಕ್ಕೂ ಕೇಳುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ, ಪಟ್ಟಿ ನೋಡುವವರಿಗೂ ಗೊತ್ತಾಗಲಿ.

ಬಿಡುಗಡೆ ಹಾಳೆಯಲ್ಲಿ ಒಂದು ಸಾಲು ಅಂದರೆ ಅಂಗಡಿಗೆ ಬಂದ ಒಂದು ವಸ್ತು: ಲೇಬಲ್, ಕ್ಯಾಟಲಾಗ್ ನಂಬರ್, ಬಾರ್‌ಕೋಡ್, ಎಲ್‌ಪಿಯೋ ಸಿಡಿಯೋ ಡಿಜಿಟಲ್ಲೋ, ಬಂದ ವರ್ಷ, ದೇಶ, ಆಲ್ಬಂ ಹೆಸರು, ಅದರಲ್ಲಿ ಯಾವ ಯಾವ ಧ್ವನಿಮುದ್ರಣ ಇವೆ.

‘ಆಧಾರ’ ಕಾಲಂ ಬಗ್ಗೆ ನಾನು ಸ್ವಲ್ಪ ಹಟಮಾರಿ. ದಿನಾಂಕ ಬರೆದಿರಾ? ಎಲ್ಲಿಂದ ಬಂತು? ಬುಕ್‌ಲೆಟ್‌ನಿಂದಲೋ, ಲೈಬ್ರರಿ ಕ್ಯಾಟಲಾಗ್‌ನಿಂದಲೋ, ಯಾರೋ ಅಂಗಡಿಯವರು ಹಾಕಿದ ವಿವರಣೆಯಿಂದಲೋ? ಡಿಸ್ಕನ್ನು ಕಣ್ಣಾರೆ ನೋಡಿದ್ದರೆ ‘ನೋಡಿದೆ’ ಎಂದು ಬರೆಯಿರಿ. ಈ ಒಂದು ಕಾಲಂ ಇಲ್ಲದ ಪಟ್ಟಿಯನ್ನು ಎರಡು ವರ್ಷ ಬಿಟ್ಟು ತಿದ್ದಲು ಕೂತರೆ ತಲೆ ಕೆಟ್ಟುಹೋಗುತ್ತದೆ.

ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಯಿರಿ, 1954-12-03 ಹೀಗೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ನಾವು ದಿನ ಮೊದಲು ಬರೆಯುತ್ತೇವೆ. 3/12 ಅಂದರೆ ಮಾರ್ಚೋ ಡಿಸೆಂಬರೋ ಎಂಬ ಜಗಳವೇ ಬೇಡ. ಜೋಡಿಸುವಾಗಲೂ ಸಾಲು ಸರಿಯಾಗಿ ನಿಲ್ಲುತ್ತದೆ.

ಹಂತ 4: ಹುಡುಕುವುದು

ಇದು ಬಹುಪಾಲು ಬೆಂಗಳೂರಲ್ಲೋ ಧಾರವಾಡದಲ್ಲೋ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ.

ವರ್ಲ್ಡ್‌ಕ್ಯಾಟ್‌ನಿಂದ ಶುರು ಮಾಡಿ. ಜಗತ್ತಿನ ಸಾವಿರಾರು ಲೈಬ್ರರಿಗಳ ಕ್ಯಾಟಲಾಗ್ ಒಟ್ಟಿಗೆ ಸಿಗುತ್ತದೆ, ಸಂಗೀತ ಕೃತಿಗಳಿಗೆ ಗ್ರಂಥಪಾಲಕರು ಕೊಟ್ಟ ಏಕರೂಪದ ಹೆಸರು ಇರುತ್ತದೆ. ಡಿಸ್ಕ್ ಮೇಲೆ ಏನೇ ಅಚ್ಚಾಗಿರಲಿ, ಆ ಹೆಸರಲ್ಲಿ ಹುಡುಕಿದರೆ ಒಟ್ಟಿಗೆ ಬರುತ್ತವೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಕ್ಯಾಟಲಾಗನ್ನು ಬೇರೆಯಾಗಿಯೂ ನೋಡಿ. ಬಾರ್ಬರ್ ಅವರ ಹಸ್ತಪ್ರತಿಗಳು ಇರುವುದೂ ಅಲ್ಲೇ.

ಆಮೇಲೆ ಡಿಸ್ಕಾಗ್ಸ್. ಇದರ ಬಲ ಅಂದರೆ ಫೋಟೋ: ಕವರ್‌ನ ಹಿಂಬದಿ, ಲೇಬಲ್, ಕೆಲವು ಸಲ ಬುಕ್‌ಲೆಟ್ ಕೂಡ. ಇದರ ದೌರ್ಬಲ್ಯ ಅಂದರೆ ಕ್ಲಾಸಿಕಲ್ ಡಿಸ್ಕ್‌ಗಳಲ್ಲಿ ಯಾರು ಯಾವ ಟ್ರ್ಯಾಕ್‌ನಲ್ಲಿ ಹಾಡಿದರು ಎಂಬ ವಿವರ ಅಷ್ಟಕ್ಕಷ್ಟೇ. ಹಾಗಾಗಿ ಟೈಪ್ ಮಾಡಿದ್ದನ್ನು ನಂಬಬೇಡಿ, ಫೋಟೋ ದೊಡ್ಡದು ಮಾಡಿ ಓದಿ. ಮ್ಯೂಸಿಕ್‌ಬ್ರೈನ್ಸ್ ತಾಣ ಕೃತಿ, ಧ್ವನಿಮುದ್ರಣ, ಬಿಡುಗಡೆ ಮೂರನ್ನೂ ಬೇರೆ ಬೇರೆ ಇಡುತ್ತದೆ, ನಮ್ಮ ಮೂರು ಹಾಳೆಯ ಲೆಕ್ಕವೇ ಅಲ್ಲೂ ಇದೆ.

ಎಲ್‌ಪಿಗೂ ಮುಂಚಿನ 78 ಆರ್‌ಪಿಎಂ ತಟ್ಟೆಗಳ ಕಾಲದ ಹುಡುಕಾಟಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನವರು ನಡೆಸುವ ಅಮೆರಿಕನ್ ಐತಿಹಾಸಿಕ ಧ್ವನಿಮುದ್ರಣಗಳ ಡಿಸ್ಕೋಗ್ರಫಿ ಇದೆ. ಅದನ್ನು ಒಂದು ಸಲ ನೋಡಿದರೆ ಸಾಕು, ಬಾರ್ಬರ್ ವೃಂದಗಾನಕ್ಕೆ ಎಲ್‌ಪಿ ಬಂದ ಮೇಲಿನ ಕಾಲವೇ ಮುಖ್ಯ.

ಹುಡುಕುವ ಪೆಟ್ಟಿಗೆಯಲ್ಲಿ ಬರೀ ‘ಬಾರ್ಬರ್’ ಮತ್ತು ‘ಕಾಯರ್’ ಎಂದು ಹಾಕಬೇಡಿ. ಬಾರ್ಬರ್‌ಶಾಪ್ ಶೈಲಿಯಲ್ಲಿ ಹಾಡುವ ಅಮೆರಿಕದ ಅಷ್ಟೂ ಗಂಡಸರ ತಂಡಗಳು ಬಂದು ಮೈಮೇಲೆ ಬೀಳುತ್ತವೆ. ಜೊತೆಗೆ ಜಾಝ್‌ನ ಕ್ರಿಸ್ ಬಾರ್ಬರ್. ಪೂರ್ತಿ ಹೆಸರು, ಕೃತಿಯ ಹೆಸರಿನ ಒಂದು ವಿಶಿಷ್ಟ ಪದ, ಎರಡನ್ನೂ ಸೇರಿಸಿ ಹಾಕಿ. ಕಾಗುಣಿತದ ಬದಲಾವಣೆಗಳನ್ನೂ ಹಾಕಿ ನೋಡಿ. ‘ರೀಇನ್‌ಕಾರ್ನೇಶನ್ಸ್’ನ ‘ಆಂಥೊನಿ ಓ’ಡೇಲಿ’ ಕೆಲವೆಡೆ ಮೇಲಿನ ಗುರುತು (ಅಪಾಸ್ಟ್ರಫಿ) ಇದ್ದು, ಕೆಲವೆಡೆ ಇಲ್ಲದೆ ಬರುತ್ತದೆ. ಕೆಲವು ಹುಡುಕು ಯಂತ್ರಗಳಿಗೆ ಅವೆರಡೂ ಬೇರೆ ಬೇರೆ.

ಇನ್ನೊಂದು ಮುಖ್ಯ ವಿಷಯ. ಬಾರ್ಬರ್ ವೃಂದಗಾನ ಸಿಗುವುದು ಜಾಸ್ತಿ ಮಿಶ್ರ ಆಲ್ಬಂಗಳಲ್ಲಿ. ರಾಬರ್ಟ್ ಶಾ ಅವರು ಅಟ್ಲಾಂಟಾ ಸಿಂಫನಿ ಆರ್ಕೆಸ್ಟ್ರಾ ಮತ್ತು ಕೋರಸ್ ಜೊತೆ ಟೆಲಾರ್ಕ್ ಲೇಬಲ್‌ಗೆ ಮಾಡಿದ ‘ಪ್ರೇಯರ್ಸ್ ಆಫ್ ಕೀರ್ಕೆಗಾರ್’ ಬಂದದ್ದು ವಾನ್ ವಿಲಿಯಮ್ಸ್ ಮತ್ತು ಬಾರ್ಟೋಕ್ ಕೃತಿಗಳ ಜೊತೆ. ಆ ಡಿಸ್ಕ್ 1999ರಲ್ಲಿ ವೃಂದಗಾನದ ಗ್ರ್ಯಾಮಿ ಗೆದ್ದಿತು. ಅಂಗಡಿಯ ಕ್ಯಾಟಲಾಗ್‌ನಲ್ಲಿ ವಾನ್ ವಿಲಿಯಮ್ಸ್ ಹೆಸರಿನ ಕೆಳಗೆ ಇಟ್ಟಿದ್ದರೆ ಬಾರ್ಬರ್ ಹೆಸರಲ್ಲಿ ಹುಡುಕುವವರಿಗೆ ಕಾಣುವುದೇ ಇಲ್ಲ. ಅದಕ್ಕೆ ಕಾಯರ್‌ಗಳ ಹೆಸರಿನಿಂದಲೂ ಒಂದು ಸುತ್ತು ಹುಡುಕಿ: ಅಮೆರಿಕನ್ ಸಂಗೀತ ಹಾಡುವ ಪ್ರಮುಖ ತಂಡಗಳ ಪಟ್ಟಿ ಮಾಡಿಕೊಂಡು ಒಂದೊಂದರ ಆಲ್ಬಂಗಳನ್ನೂ ತೆರೆದು ನೋಡುವುದು. ಬೇಜಾರಿನ ಕೆಲಸ ಹೌದು. ಆದರೆ ಬೇರೆಯವರ ಪಟ್ಟಿಯಲ್ಲಿ ಇಲ್ಲದ್ದು ಸಿಗುವುದು ಇಲ್ಲೇ.

ಹಂತ 5: ಡಿಸ್ಕ್ ಕೈಗೆ ಸಿಕ್ಕಾಗ

ಡಿಸ್ಕ್ ಕೈಯಲ್ಲಿದ್ದರೆ ಮೊದಲು ಕವರ್ ಪಕ್ಕಕ್ಕಿಡಿ. ಎಲ್‌ಪಿ ಆದರೆ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಮೇಜಿನ ದೀಪಕ್ಕೆ ಓರೆಯಾಗಿ ಹಿಡಿಯಿರಿ. ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವೆ ನುಣ್ಣನೆಯ ಒಂದು ಪಟ್ಟಿ ಇರುತ್ತದೆ. ಅಲ್ಲಿ ಕೈಯಲ್ಲಿ ಗೀರಿದ ಅಥವಾ ಒತ್ತಿದ ಅಕ್ಷರ, ಅಂಕಿ ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ನಂಬರ್. ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಾ ಪೂರ್ತಿ ಬರೆದುಕೊಳ್ಳಿ, ಎರಡೂ ಬದಿಯದ್ದು. ಬೆಳಕು ನೇರ ಬಿದ್ದರೆ ಏನೂ ಕಾಣುವುದಿಲ್ಲ, ಓರೆಯಾಗಿಯೇ ಬೀಳಬೇಕು. ಕವರ್ ಬದಲಾಗಿ, ಲೇಬಲ್ ಬದಲಾಗಿ ಮತ್ತೆ ಬಂದ ತಟ್ಟೆಯಲ್ಲೂ ಈ ನಂಬರ್ ಹಳೆಯದೇ ಇದ್ದರೆ ಅದು ಹಳೇ ಅಚ್ಚಿನಿಂದಲೇ ತೆಗೆದದ್ದು ಎಂದು ತಿಳಿಯುತ್ತದೆ.

ಸಿಡಿಯಲ್ಲಿ ಹೊಳೆಯುವ ಬದಿಯ ಒಳಸುತ್ತಿನಲ್ಲಿ, ಮಧ್ಯದ ತೂತಿನ ಸುತ್ತ, ಇಂಥದ್ದೇ ನಂಬರ್ ಇರುತ್ತದೆ. ಹಿಂಬದಿಯ ಇನ್‌ಲೇ ಕಾರ್ಡಿನಲ್ಲಿ ಎಎಡಿ, ಎಡಿಡಿ, ಡಿಡಿಡಿ ಎಂಬ ಮೂರಕ್ಷರಗಳಲ್ಲಿ ಒಂದು ಇದ್ದರೆ ಬರೆದುಕೊಳ್ಳಿ. ಮೊದಲ ಅಕ್ಷರ ಮೂಲ ಧ್ವನಿಮುದ್ರಣ ಅನಲಾಗ್ ಟೇಪಿನದ್ದೋ ಡಿಜಿಟಲ್ಲೋ ಎಂದು ಹೇಳುತ್ತದೆ. 1995ರಲ್ಲಿ ಬಂದ ಸಿಡಿಯ ಮೇಲೆ ಎಡಿಡಿ ಎಂದಿದ್ದರೆ ಅನುಮಾನ ಪಡಿ, ಬಹುಶಃ ಹಳೆಯ ಎಲ್‌ಪಿಯೇ ಹೊಸ ಬಟ್ಟೆ ತೊಟ್ಟು ಬಂದಿದೆ.

ಬುಕ್‌ಲೆಟ್‌ನ ಕೊನೆಯ ಪುಟ ಓದದೆ ಬಿಡಬೇಡಿ. ಧ್ವನಿಮುದ್ರಣದ ದಿನ, ಜಾಗ, ನಿರ್ಮಾಪಕ, ಎಂಜಿನಿಯರ್, ಎಲ್ಲ ಚಿಕ್ಕ ಅಕ್ಷರದಲ್ಲಿ ಅಲ್ಲೇ ಇರುತ್ತದೆ. ಆರ್ಕೆಸ್ಟ್ರಾ ಜೊತೆಯ ಕೃತಿಗಳಲ್ಲಿ ಕೋರಸ್ ತಯಾರು ಮಾಡಿದವರ ಹೆಸರು ಮುಖಪುಟದಲ್ಲಿ ಇರುವುದಿಲ್ಲ. ವೃಂದಗಾನದ ಪಟ್ಟಿಯಲ್ಲಾದರೂ ಅವರಿಗೆ ಜಾಗ ಸಿಗಬೇಕು, ಅಲ್ವಾ?

ಹಂತ 6: ವರ್ಷ ಯಾವುದು?

ಡಿಸ್ಕ್ ಮೇಲೆ ವೃತ್ತದೊಳಗೆ ‘ಪಿ’ ಅಕ್ಷರ, ಪಕ್ಕದಲ್ಲಿ ಒಂದು ವರ್ಷ. ಜನ ಇದನ್ನೇ ಹಾಡಿದ ವರ್ಷ ಎಂದು ಬರೆದುಬಿಡುತ್ತಾರೆ. ಅದು ಧ್ವನಿಮುದ್ರಣ ಪ್ರಕಟವಾದ ವರ್ಷ. ಎಷ್ಟೋ ಮರುಬಿಡುಗಡೆಗಳಲ್ಲಿ ರೀಮಾಸ್ಟರ್ (ಹಳೆಯ ಧ್ವನಿಯನ್ನು ತಿದ್ದಿ ಹೊಸ ಮೂಲಪ್ರತಿ ಮಾಡುವುದು) ಆದ ವರ್ಷ. ಹಾಡಿದ ವರ್ಷ ಅದಕ್ಕಿಂತ ಹಿಂದಿನದು ಇರಬಹುದು. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕೂ ಮುಂಚೆ ಧ್ವನಿಮುದ್ರಣಗಳಿಗೆ ಫೆಡರಲ್ ಕಾಪಿರೈಟ್ ಇರಲಿಲ್ಲ, ಹಾಗಾಗಿ ಅದಕ್ಕಿಂತ ಹಳೆಯ ಅಮೆರಿಕನ್ ಎಲ್‌ಪಿಗಳಲ್ಲಿ ಈ ಗುರುತು ಹುಡುಕುವುದೇ ದಂಡ.

ಅಂಥ ತಟ್ಟೆಗಳಿಗೆ ಶ್ವಾನ್ ಕ್ಯಾಟಲಾಗ್ ಒಳ್ಳೆಯ ದಾರಿ. 1949ರಿಂದ ವಿಲಿಯಂ ಶ್ವಾನ್ ಎಂಬವರು ಮಾರುಕಟ್ಟೆಯಲ್ಲಿ ಸಿಗುವ ಎಲ್‌ಪಿಗಳ ಪಟ್ಟಿಯನ್ನು ಸಂಗೀತ ರಚನೆಕಾರರ ಹೆಸರಿನ ಕ್ರಮದಲ್ಲಿ ಅಚ್ಚು ಹಾಕುತ್ತಿದ್ದರು. ಬಾರ್ಬರ್ ಹೆಸರಿನ ಕೆಳಗೆ ಒಂದು ತಟ್ಟೆ ಮೊದಲು ಯಾವ ತಿಂಗಳ ಸಂಚಿಕೆಯಲ್ಲಿ ಕಾಣಿಸಿತು, ಎಂದಿನಿಂದ ಮಾಯವಾಯಿತು ಎಂದು ನೋಡಿದರೆ ಅದರ ಆಯಸ್ಸು ಗೊತ್ತಾಗುತ್ತದೆ. ವರ್ಲ್ಡ್ ರೇಡಿಯೋ ಹಿಸ್ಟರಿ ತಾಣದಲ್ಲಿ ಇದರ ಹಲವು ಸಂಚಿಕೆಗಳ ಸ್ಕ್ಯಾನ್ ಇವೆ. ಅಲ್ಲೇ ‘ಹೈ ಫಿಡೆಲಿಟಿ’ ಪತ್ರಿಕೆಯ ವಿಮರ್ಶೆಗಳೂ ಸಿಗುತ್ತವೆ, ವಿಮರ್ಶೆ ಬಂದ ಹೊತ್ತಿಗೆ ತಟ್ಟೆ ಸಾಮಾನ್ಯವಾಗಿ ಬಂದಿರುತ್ತದೆ.

1958ರ ಆಚೀಚೆ ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದವು. ಮುಂದಿನ ಸುಮಾರು ಹತ್ತು ವರ್ಷ ಒಂದೇ ಆಲ್ಬಂ ಮೋನೋದಲ್ಲಿ ಒಂದು ನಂಬರ್, ಸ್ಟೀರಿಯೋದಲ್ಲಿ ಇನ್ನೊಂದು ನಂಬರ್ ಇಟ್ಟುಕೊಂಡು ಬರುತ್ತಿತ್ತು. ಬಿಡುಗಡೆ ಎರಡು, ಧ್ವನಿಮುದ್ರಣ ಒಂದು.

ಡಿಜಿಟಲ್ ಕಡೆ ಬಂದರೆ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಸಂಕೇತ ಇದೆ. ಅದರ ನಡುವಿನ ಎರಡು ಅಂಕಿ ವರ್ಷ ಸೂಚಿಸುತ್ತವೆ, ಸರಿ. ಆದರೆ ಅದು ಸಂಕೇತ ಕೊಟ್ಟ ವರ್ಷ, ಹಾಡಿದ ವರ್ಷ ಅಲ್ಲ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಕಾಣುವ ವರ್ಷವನ್ನಂತೂ ನಂಬಲೇಬೇಡಿ. ‘ನೆಮ್ಮದಿಯ ಸಂಗೀತ’ ತರಹದ ಸಂಕಲನದ ವರ್ಷವನ್ನೇ ಅದು ತೋರಿಸುತ್ತಿರುತ್ತದೆ.

ದಿನಾಂಕ ಸಿಗದಿದ್ದರೆ ಊಹೆ ಬರೆಯಬೇಡಿ. ‘1972ಕ್ಕೆ ಮುಂಚೆ’ ಎಂಬಂಥ ಗಡಿ ಬರೆಯಿರಿ, ಯಾಕೆ ಹಾಗೆ ಅಂದುಕೊಂಡಿರಿ ಎಂಬುದನ್ನು ಆಧಾರದ ಕಾಲಂನಲ್ಲಿ ಹಾಕಿ.

ಹಂತ 7: ಇದು ಅದೇನಾ, ಬೇರೆನಾ?

ಮೊದಲು ಹೇಳಿದ ಮಾತಿಗೆ ಇಲ್ಲಿ ಪರೀಕ್ಷೆ. ಎರಡು ಉದಾಹರಣೆ ನೋಡೋಣ.

ಇಂಗ್ಲೆಂಡಿನ ‘ದಿ ಸಿಕ್ಸ್‌ಟೀನ್’ ತಂಡ ಹ್ಯಾರಿ ಕ್ರಿಸ್ಟೋಫರ್ಸ್ ಅವರ ಕೈಕೆಳಗೆ ಕಾಲಿನ್ಸ್ ಲೇಬಲ್‌ಗೆ ಅಮೆರಿಕನ್ ಸಂಗೀತದ ಆಲ್ಬಂ ಮಾಡಿತು, ಅದರಲ್ಲಿ ಬಾರ್ಬರ್ ‘ಆಗ್ನಸ್ ಡೇ’ ಇದೆ. ಕಾಲಿನ್ಸ್ ಮುಚ್ಚಿತು. ತಂಡ 2001ರಲ್ಲಿ ಕೊರೋ ಎಂಬ ಸ್ವಂತ ಲೇಬಲ್ ಶುರು ಮಾಡಿ ತನ್ನ ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ಹೊರತಂದಿತು. ಲೇಬಲ್ ಬೇರೆ, ಕವರ್ ಬೇರೆ, ನಂಬರ್ ಬೇರೆ. ಹಾಡಿದ್ದು ಅದೇ. ನ್ಯೂ ಕಾಲೇಜ್ ಕಾಯರ್ ಎಡ್ವರ್ಡ್ ಹಿಗಿನ್‌ಬಾಟಮ್ ಜೊತೆ ಎರಾಟೊ ಲೇಬಲ್‌ಗೆ ಮಾಡಿದ ‘ಆಗ್ನಸ್ ಡೇ’ ಆಲ್ಬಂ 1990ರ ದಶಕದಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಆದ್ದರಿಂದ ಅದರ ಬಾರ್ಬರ್ ಟ್ರ್ಯಾಕ್ ಸಂಕಲನಗಳಲ್ಲೂ ಬಂದಿದೆ. ಧ್ವನಿಮುದ್ರಣದ ಹಾಳೆಯಲ್ಲಿ ಇವುಗಳಿಗೆ ಒಂದೊಂದೇ ಸಾಲು, ಬಿಡುಗಡೆ ಹಾಳೆಯಲ್ಲಿ ಎಷ್ಟು ಸಿಗುತ್ತವೋ ಅಷ್ಟು.

ಇನ್ನೊಂದು ಬಗೆ ಇದರ ಉಲ್ಟಾ. ಹೆಸರು ಒಂದೇ, ಸಂಗೀತದ ರೂಪ ಬೇರೆ. ‘ದ ಲವರ್ಸ್’ ಬ್ಯಾರಿಟೋನ್, ಕೋರಸ್, ದೊಡ್ಡ ಆರ್ಕೆಸ್ಟ್ರಾಗೆ ಬರೆದದ್ದು. ಆಂಡ್ರ್ಯೂ ಶೆಂಕ್ ಷಿಕಾಗೋ ಸಿಂಫನಿ ಆರ್ಕೆಸ್ಟ್ರಾ ಮತ್ತು ಕೋರಸ್ ಜೊತೆ ಕಾಖ್ ಲೇಬಲ್‌ಗೆ ಮಾಡಿದ ಧ್ವನಿಮುದ್ರಣದಲ್ಲಿ ಇರುವುದು ಆ ಮೂಲರೂಪ. ಅದಕ್ಕೆ 1993ರಲ್ಲಿ ಸಮಕಾಲೀನ ರಚನೆಯ ಗ್ರ್ಯಾಮಿ ಬಂತು, ಬಾರ್ಬರ್ ತೀರಿಕೊಂಡು 12 ವರ್ಷ ಆದ ಮೇಲೆ. ಟೆಕ್ಸಸ್‌ನ ಕನ್ಸ್‌ಪಿರಾರೆ ತಂಡ ಕ್ರೇಗ್ ಹೆಲ್ಲಾ ಜಾನ್ಸನ್ ಜೊತೆ 2012ರಲ್ಲಿ ಹಾರ್ಮೋನಿಯಾ ಮುಂಡಿಗೆ ಮಾಡಿದ ಆಲ್ಬಂನಲ್ಲೂ ‘ದ ಲವರ್ಸ್’ ಇದೆ, ಆದರೆ ಅದು ರಾಬರ್ಟ್ ಕೈರ್ ಚಿಕ್ಕ ವಾದ್ಯತಂಡಕ್ಕೆ ಇಳಿಸಿದ ರೂಪ. ‘ಯಾವ ರೂಪ’ ಕಾಲಂ ಇಲ್ಲದಿದ್ದರೆ ಇವೆರಡೂ ಒಂದೇ ಬಗೆಯವು ಎಂದು ಓದುವವರು ತಿಳಿಯುತ್ತಾರೆ.

ಕಾಗದದ ಸಾಕ್ಷಿ ಸಾಲದೆ ಹೋದಾಗ ಕಿವಿ ಬಳಸಿ. ಮೊದಲು ಅವಧಿ ಹೋಲಿಸಿ. ಆದರೆ ಕವರ್ ಮೇಲಿನ ಅವಧಿಯಲ್ಲಿ ಕೊನೆಯ ಮೌನ, ಕಛೇರಿ ಆದರೆ ಚಪ್ಪಾಳೆ ಕೂಡ ಸೇರಿರುತ್ತದೆ. ಆಡಾಸಿಟಿ ತರಹದ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಫೈಲ್ ತೆರೆದು ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ನೀವೇ ಅಳೆಯಿರಿ. ಆಮೇಲೆ ಎರಡರ ಅಲೆಗಳನ್ನೂ ಮೇಲೆ ಕೆಳಗೆ ಇಟ್ಟು ನೋಡಿ. ‘ಆಗ್ನಸ್ ಡೇ’ಯ ತುತ್ತತುದಿಯಲ್ಲಿ ಎಲ್ಲ ದನಿಗಳೂ ಮೇಲಕ್ಕೆ ಹೋಗಿ ಫಕ್ಕನೆ ನಿಲ್ಲುತ್ತವೆ, ಆಮೇಲೆ ಮೌನ, ಆ ಮೌನದಲ್ಲಿ ಚರ್ಚಿನ ಪ್ರತಿಧ್ವನಿ ಮಾತ್ರ ಉಳಿಯುತ್ತದೆ. ಆ ಪ್ರತಿಧ್ವನಿ ಎಷ್ಟು ಹೊತ್ತು ಇರುತ್ತದೆ, ಮುಂದಿನ ಸ್ವರಕ್ಕೆ ಮುಂಚೆ ಉಸಿರೆಳೆದದ್ದು ಕೇಳುತ್ತದಾ, ಎಲ್ಲೋ ಬೆಂಚು ಕಿರುಗುಟ್ಟಿತಾ? ಇಂಥ ಎರಡು ಮೂರು ಗುರುತು ಒಂದೇ ಜಾಗದಲ್ಲಿ ಸಿಕ್ಕರೆ ಅದು ಒಂದೇ ಧ್ವನಿಮುದ್ರಣ, ಕವರ್ ಏನೇ ಹೇಳಲಿ. ಒಂದು ಫೈಲಿನ ಅಲೆಯನ್ನು ತಲೆಕೆಳಗು ಮಾಡಿ (‘ಇನ್ವರ್ಟ್’) ಇನ್ನೊಂದರ ಜೊತೆ ಸರಿಯಾಗಿ ಹೊಂದಿಸಿ ಬೆರೆಸಿದಾಗ ಪೂರ್ತಿ ಮೌನ ಆದರೆ ಎರಡೂ ಒಂದೇ ಡಿಜಿಟಲ್ ಪ್ರತಿ. ಆಗದಿದ್ದರೆ ಬೇರೆ ಧ್ವನಿಮುದ್ರಣ ಎಂದು ಹೇಳುವ ಹಾಗಿಲ್ಲ, ರೀಮಾಸ್ಟರ್ ಆಗಿದ್ದರೂ ಮೌನ ಬರುವುದಿಲ್ಲ.

ಹಂತ 8: ಅಂಗಡಿಗೆ ಬಾರದ ತಟ್ಟೆಗಳು

‘ರೀಇನ್‌ಕಾರ್ನೇಶನ್ಸ್’ ಅಮೆರಿಕದ ಕಾಲೇಜು ಕಾಯರ್‌ಗಳ ಹಳೇ ನಂಟು. ಎಲ್‌ಪಿ ಕಾಲದಲ್ಲಿ ಆ ಕಾಲೇಜುಗಳು ವರ್ಷದ ಕಛೇರಿಯನ್ನು ಸೆಂಚುರಿ, ಮಾರ್ಕ್ ಕಸ್ಟಮ್ ತರಹದ ಕಂಪನಿಗಳಿಂದ ಅಚ್ಚು ಹಾಕಿಸಿ ಪೋಷಕರಿಗೆ, ಹಳೇ ವಿದ್ಯಾರ್ಥಿಗಳಿಗೆ ಮಾರುತ್ತಿದ್ದವು. ಇಂಥವು ಶ್ವಾನ್ ಕ್ಯಾಟಲಾಗ್‌ನಲ್ಲಿ ಬರಲಿಲ್ಲ, ಪತ್ರಿಕೆಗಳಲ್ಲಿ ವಿಮರ್ಶೆ ಆಗಲಿಲ್ಲ. ಆದರೂ ಇವು ಲೇಬಲ್, ನಂಬರ್ ಇರುವ ನಿಜವಾದ ಬಿಡುಗಡೆಗಳು, ನಮ್ಮ ಗಡಿಯೊಳಗೇ ಬರುತ್ತವೆ.

ಇವಕ್ಕೆ ದಾರಿ ಆಯಾ ವಿಶ್ವವಿದ್ಯಾಲಯದ ಆರ್ಕೈವ್ಸ್ ವಿಭಾಗ. ಇಮೇಲ್ ಬರೆಯಿರಿ. ಚಿಕ್ಕದಾಗಿ, ನಿರ್ದಿಷ್ಟವಾಗಿ: ಯಾವ ಕೃತಿ, ಯಾವ ವರ್ಷಗಳ ನಡುವೆ, ಯಾವ ಕಂಡಕ್ಟರ್ ಕಾಲ. ‘ಬಾರ್ಬರ್ ಬಗ್ಗೆ ನಿಮ್ಮಲ್ಲಿ ಏನೇನಿದೆ’ ಎಂದು ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ‘ಈ ತಟ್ಟೆಯ ಎರಡನೇ ಬದಿಯ ಲೇಬಲ್ ಫೋಟೋ ಕಳಿಸಬಹುದಾ’ ಎಂದು ಕೇಳಿದರೆ ಗ್ರಂಥಪಾಲಕರಿಗೆ ಏನು ಮಾಡಬೇಕೆಂದು ಕೂಡಲೇ ತಿಳಿಯುತ್ತದೆ. ಇದೇ ಕೆಲಸಕ್ಕೆ ಈಬೇಯಲ್ಲಿ ಮಾರಾಟಕ್ಕಿಟ್ಟ ತಟ್ಟೆಗಳ ಫೋಟೋ ಕೂಡ ಬಳಸಬಹುದು. ಕೊಳ್ಳಬೇಕಿಲ್ಲ, ಫೋಟೋ ಉಳಿಸಿಕೊಂಡರಾಯಿತು. ಮಾರಾಟ ಮುಗಿದ ಮೇಲೆ ಆ ಪುಟ ಸಿಗದೆ ಹೋಗಬಹುದು, ಆದ್ದರಿಂದ ಕಂಡ ದಿನವೇ ಉಳಿಸಿಕೊಳ್ಳಿ.

ಲೂಯಿವಿಲ್ ಆರ್ಕೆಸ್ಟ್ರಾ ಮಧ್ಯದ ದಾರಿ ಹಿಡಿದದ್ದು. ತನ್ನದೇ ‘ಫಸ್ಟ್ ಎಡಿಷನ್’ ಲೇಬಲ್ ಇಟ್ಟುಕೊಂಡು ಹೊಸ ಸಂಗೀತವನ್ನು ಬಿಡುಗಡೆ ಮಾಡುತ್ತಿತ್ತು, ಯೋರ್ಗೆ ಮೆಸ್ಟರ್ ನಡೆಸಿದ ‘ಪ್ರೇಯರ್ಸ್ ಆಫ್ ಕೀರ್ಕೆಗಾರ್’ ಹೀಗೆಯೇ ಬಂತು.

ನೀವು ಅಮೆರಿಕದಲ್ಲೇ ಇರುವ ಕನ್ನಡಿಗರಾದರೆ ಇನ್ನೂ ಅನುಕೂಲ. ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿರುವ ಸಾರ್ವಜನಿಕ ಲೈಬ್ರರಿಯಲ್ಲಿ ರಾಜರ್ಸ್ ಅಂಡ್ ಹ್ಯಾಮರ್‌ಸ್ಟೈನ್ ಧ್ವನಿಮುದ್ರಣ ಸಂಗ್ರಹ ಇದೆ. ಹೋಗುವ ಮುಂಚೆ ಕ್ಯಾಟಲಾಗ್‌ನಲ್ಲಿ ಬೇಕಾದ್ದನ್ನು ಗುರುತಿಸಿಕೊಂಡು ಮೊದಲೇ ತಿಳಿಸಿ ಹೋಗಿ. ಸುಮ್ನೆ ಹೋಗಿ ನಿಂತರೆ ಅವತ್ತೇ ಕೈಗೆ ಸಿಗುತ್ತದೆ ಎಂದು ಹೇಳಲಾಗದು.

ಹಂತ 9: ಹೊರಗೆ ಬಿಡುವುದು

ಪಟ್ಟಿಯನ್ನು ಕೃತಿಗಳ ಕ್ರಮದಲ್ಲಿ ಜೋಡಿಸಿ, ಪ್ರತಿ ಕೃತಿಯ ಕೆಳಗೆ ಧ್ವನಿಮುದ್ರಣಗಳನ್ನು ದಿನಾಂಕದ ಕ್ರಮದಲ್ಲಿ, ಪ್ರತಿಯೊಂದರ ಕೆಳಗೆ ಅದರ ಬಿಡುಗಡೆಗಳು. ಕೊನೆಯಲ್ಲಿ ಕಂಡಕ್ಟರ್ ಮತ್ತು ಕಾಯರ್ ಹೆಸರುಗಳ ಸೂಚಿ. ಹಂತ 1ರಲ್ಲಿ ಬರೆದ ಗಡಿಯನ್ನು ಮೊದಲ ಪುಟದಲ್ಲೇ ಹಾಕಿ, ಇಲ್ಲದಿದ್ದರೆ ‘ವನೆಸ್ಸಾ ಯಾಕಿಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಹೆಸರು, ದಿನಾಂಕ, ನಂಬರ್ ಇಂಥ ಸಂಗತಿಗಳನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು. ಆದರೆ ಬುಕ್‌ಲೆಟ್‌ನ ಬರಹ, ಕವರ್ ಚಿತ್ರ, ಧ್ವನಿ ಫೈಲು ಬೇರೆಯವರ ಸೊತ್ತು, ಅವನ್ನು ಎತ್ತಿ ಹಾಕಬೇಡಿ. ಕವಿತೆಗಳ ವಿಷಯದಲ್ಲೂ ಹುಷಾರು. ನೆರೂಡ, ಸ್ಪೆಂಡರ್, ಏಜಿ ಸಾಲುಗಳನ್ನು ಪೂರ್ತಿ ಹಾಕುವುದು ಬೇಡ, ಕವಿಯ ಹೆಸರು ಮತ್ತು ಶೀರ್ಷಿಕೆ ಸಾಕು.

ಪಿಡಿಎಫ್ ಜೊತೆ ಸ್ಪ್ರೆಡ್‌ಶೀಟನ್ನೂ ಸಿಎಸ್‌ವಿ (ಯಾವ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲೂ ತೆರೆಯುವ ಸರಳ ಪಠ್ಯ ಫೈಲು) ರೂಪದಲ್ಲಿ ಕೊಡಿ. ಜನ ಅದನ್ನು ತೆರೆದು ತಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದು, ತಪ್ಪು ಕಂಡರೆ ಸಾಲಿನ ಸಂಕೇತ ಹೇಳಿ ಬರೆಯಬಹುದು. ನೀವು ಖಚಿತಪಡಿಸಿಕೊಂಡ ವಿವರಗಳನ್ನು ಮ್ಯೂಸಿಕ್‌ಬ್ರೈನ್ಸ್‌ಗೂ ಸೇರಿಸಿದರೆ ಇನ್ನೂ ಒಳ್ಳೆಯದು. ಆವೃತ್ತಿಗೆ ನಂಬರ್ ಮತ್ತು ದಿನಾಂಕ ಹಾಕಿ. ತಿದ್ದಿದ್ದು ಏನು ಎಂದು ಕೊನೆಯಲ್ಲಿ ಒಂದೊಂದು ಸಾಲು ಬರೆಯಿರಿ. ಕೃ-01, ಕೃ-02 ಸಂಕೇತಗಳನ್ನು ಮಾತ್ರ ಯಾವತ್ತೂ ಬದಲಿಸಬೇಡಿ, ಒಂದು ಸಾಲು ತೆಗೆದುಹಾಕಿದರೂ ಅದರ ಸಂಕೇತವನ್ನು ಇನ್ನೊಂದಕ್ಕೆ ಕೊಡಬೇಡಿ.